ಒಂದು ಮ್ಯಾಪಿಂಗ್ ಅಳಿಸುವುದಕ್ಕೆ ಇಷ್ಟೆಲ್ಲ ಪಡಿಪಾಟಲು ಏಕೆ?

ಕರ್ನಲ್ (ಆಪರೇಟಿಂಗ್ ಸಿಸ್ಟಮ್‌ನ ತಿರುಳು) ಕೋಡ್ ಓದಲು ತೊಡಗಿದವರು ಒಂದಲ್ಲ ಒಂದು ದಿನ ನನ್ನನ್ನು ಕೇಳುವ ಪ್ರಶ್ನೆ ಇದು: ಪ್ರೋಗ್ರಾಮ್ ಬಳಸುವ ವರ್ಚುವಲ್ ವಿಳಾಸವೊಂದು ಮೆಮೊರಿಯ ಯಾವ ಭೌತಿಕ ಪುಟವನ್ನು ಸೂಚಿಸುತ್ತದೆ ಎಂಬ ನಂಟು, ಅಂದರೆ ಮ್ಯಾಪಿಂಗ್, ಪೇಜ್ ಟೇಬಲ್‌ನ 8 ಬೈಟ್‌ಗಳ ಒಂದು ನಮೂದಿನಲ್ಲಿದೆ, ಅದನ್ನು ಸೊನ್ನೆ ಮಾಡಿ ಪುಟವನ್ನು ಹಿಂದಕ್ಕೆ ಪಡೆದರೆ ಆಯಿತಲ್ಲ, ಅಷ್ಟಕ್ಕೆ ಒಂದು ಹೊತ್ತಿಗೆ ಒಬ್ಬರೇ ಕೈಹಾಕುವಂತೆ ತಡೆಯುವ ಇಷ್ಟೊಂದು ಲಾಕ್‌ಗಳು, ಇಷ್ಟೊಂದು ಸಾಲು ಕೋಡ್ ಏಕೆ? ನನ್ನ ಉತ್ತರ ಹೀಗಿದೆ: ಆ ನಮೂದು ಮೂಲಪ್ರತಿ ಮಾತ್ರ. ಅದರ ನಕಲುಗಳು ಪ್ರೊಸೆಸರ್‌ನ ಬೇರೆ ಬೇರೆ ಕೋರ್‌ಗಳಲ್ಲಿ (ಸ್ವತಂತ್ರವಾಗಿ ಕೆಲಸ ಮಾಡುವ ಘಟಕಗಳಲ್ಲಿ) ಚಾಲ್ತಿಯಲ್ಲಿರುತ್ತವೆ, ಮೂಲವನ್ನು ಹರಿದುಹಾಕಿದ ಮಾತ್ರಕ್ಕೆ ಅವು ರದ್ದಾಗುವುದಿಲ್ಲ.

ನಕಲು ಹುಟ್ಟುವುದಕ್ಕೆ ಕಾರಣ ಸರಳ. ಎಕ್ಸ್86-64 ಪ್ರೊಸೆಸರ್‌ನಲ್ಲಿ 48 ಬಿಟ್‌ಗಳ ವಿಳಾಸವನ್ನು ನಾಲ್ಕು ಹಂತದ ಪೇಜ್ ಟೇಬಲ್ ಮೂಲಕ, ಹಂತಕ್ಕೆ 9 ಬಿಟ್‌ಗಳಂತೆ ಬಿಡಿಸಬೇಕು; ಉಳಿದ 12 ಬಿಟ್‌ಗಳು 4 ಕೆಬಿ ಪುಟದೊಳಗಿನ ಸ್ಥಾನವನ್ನು ಹೇಳುತ್ತವೆ. ಪ್ರತಿ ಬಾರಿಯೂ ಹೀಗೆ ನಾಲ್ಕು ಟೇಬಲ್ ತಡಕುತ್ತ ಕುಳಿತರೆ ಯಾವ ಪ್ರೋಗ್ರಾಮೂ ಮುಂದೆ ಸಾಗದು. ಆದ್ದರಿಂದ ಪ್ರತಿಯೊಂದು ಕೋರ್ ತಾನು ಒಮ್ಮೆ ಕಂಡುಕೊಂಡ ಉತ್ತರವನ್ನು ಟಿಎಲ್‌ಬಿ ಎಂಬ ತನ್ನದೇ ಪುಟ್ಟ ಸಂಗ್ರಹದಲ್ಲಿ ಇಟ್ಟುಕೊಳ್ಳುತ್ತದೆ. ಸಾಮಾನ್ಯ ಕ್ಯಾಶ್‌ಗಳನ್ನು ಹಾರ್ಡ್‌ವೇರ್ ತಾನಾಗಿ ಪರಸ್ಪರ ಹೊಂದಿಸುತ್ತದೆ. ಟಿಎಲ್‌ಬಿಯನ್ನು ಹೊಂದಿಸುವ ಹೊಣೆ ಕರ್ನಲ್‌ನದು.

ಎರಡು ಥ್ರೆಡ್‌ಗಳಿರುವ, ಅಂದರೆ ಒಂದೇ ಮೆಮೊರಿಯನ್ನು ಹಂಚಿಕೊಂಡು ಜೊತೆಜೊತೆಯಾಗಿ ಓಡುವ ಎರಡು ಎಳೆಗಳಿರುವ ಒಂದು ಪ್ರೋಗ್ರಾಮನ್ನು ಎಣಿಸಿಕೊಳ್ಳಿ. ಒಂದು ಥ್ರೆಡ್ 0ನೇ ಕೋರ್‌ನಲ್ಲಿ, ಇನ್ನೊಂದು 3ನೇ ಕೋರ್‌ನಲ್ಲಿ ಓಡುತ್ತಿದೆ, ಎರಡೂ ಒಂದೇ ಬಫರ್‌ಗೆ (ಮೆಮೊರಿಯ ಒಂದು ತುಂಡಿಗೆ) ಬರೆಯುತ್ತಿವೆ. 0ನೇ ಕೋರ್‌ನ ಥ್ರೆಡ್ ಆ ಬಫರನ್ನು ಅನ್‌ಮ್ಯಾಪ್ ಮಾಡುವಂತೆ ಕೇಳುತ್ತದೆ. ಕರ್ನಲ್ ನಮೂದನ್ನು ಸೊನ್ನೆ ಮಾಡಿ, ಕೂಡಲೇ ಭೌತಿಕ ಪುಟವನ್ನು ಖಾಲಿ ಪುಟಗಳ ಪಟ್ಟಿಗೆ ಸೇರಿಸಿತು ಎನ್ನೋಣ. ಮರುಕ್ಷಣವೇ ಆ ಪುಟ ಬೇರೊಂದು ಪ್ರೋಗ್ರಾಮಿನ ಪೇಜ್ ಟೇಬಲ್ ಆಗಿ ಬಳಕೆಗೆ ಬರುತ್ತದೆ. ಆದರೆ 3ನೇ ಕೋರ್‌ನ ಟಿಎಲ್‌ಬಿಯಲ್ಲಿ ಹಳೆಯ ನಕಲು ಬರೆಯುವ ಅನುಮತಿಯ ಸಮೇತ ಹಾಗೆಯೇ ಇದೆ. ಅಲ್ಲಿನ ಥ್ರೆಡ್ ಈಗ ಬಫರ್‌ಗೆಂದು ಬರೆಯುವ ಪ್ರತಿಯೊಂದು ಬೈಟ್ ಇನ್ನೊಂದು ಪ್ರೋಗ್ರಾಮಿನ ಪೇಜ್ ಟೇಬಲ್ ಮೇಲೆ ಬೀಳುತ್ತದೆ. ದುರುದ್ದೇಶವುಳ್ಳವನಿಗೆ ಇದಕ್ಕಿಂತ ಒಳ್ಳೆಯ ಉಡುಗೊರೆ ಇಲ್ಲ: ಯಾವ ಭೌತಿಕ ಪುಟ ಬೇಕೋ ಅದರ ವಿಳಾಸವನ್ನು ಅವನೇ ಬರೆದುಕೊಳ್ಳಬಹುದು.

ಆದ್ದರಿಂದ ಕ್ರಮ ತಪ್ಪುವಂತಿಲ್ಲ. ಮೊದಲು ನಮೂದನ್ನು ಅಳಿಸಬೇಕು, ನಂತರ ಆ ಪ್ರೋಗ್ರಾಮಿನ ವಿಳಾಸಾವಕಾಶವನ್ನು (ಅದರ ವರ್ಚುವಲ್ ವಿಳಾಸಗಳ ಸಮೂಹವನ್ನು) ಬಳಸುತ್ತಿರುವ ಎಲ್ಲ ಕೋರ್‌ಗಳ ಟಿಎಲ್‌ಬಿಯಿಂದ ನಕಲನ್ನು ತೆಗೆಸಬೇಕು, ಆಮೇಲಷ್ಟೇ ಪುಟವನ್ನು ಬಿಡುಗಡೆ ಮಾಡಬೇಕು. ಎಕ್ಸ್86ನಲ್ಲಿ ವಾಡಿಕೆಯ ವಿಧಾನವೆಂದರೆ ಇತರ ಕೋರ್‌ಗಳಿಗೆ ಇಂಟರಪ್ಟ್ (ಕೈಯಲ್ಲಿರುವ ಕೆಲಸ ನಿಲ್ಲಿಸಿ ಇತ್ತ ನೋಡು ಎಂಬ ಸಂಕೇತ) ಕಳುಹಿಸಿ, ಅವು ಉತ್ತರಿಸುವವರೆಗೆ ಕಾಯುವುದು. ಇದು ದುಬಾರಿ, ಹಾಗಾಗಿ ಲಿನಕ್ಸ್ ಕರ್ನಲ್ ಅಳಿಸಬೇಕಾದ ಪುಟಗಳನ್ನು ಗುಂಪುಗೂಡಿಸಿ, ಇಡೀ ಗುಂಪಿಗೆ ಒಮ್ಮೆ ಫ್ಲಶ್ ಮಾಡಿ (ಟಿಎಲ್‌ಬಿ ನಕಲುಗಳನ್ನು ತೆಗೆಸಿ), ಬಳಿಕ ಒಟ್ಟಿಗೆ ಬಿಡುಗಡೆ ಮಾಡುತ್ತದೆ.

"ಲಾಕ್ ಹಿಡಿದಿದ್ದರೆ ಸಾಲದೇ?" ಎಂಬುದು ಬೆನ್ನಿಗೇ ಬರುವ ಪ್ರಶ್ನೆ. ಸಾಲದು, ಯಾವಾಗ ಬಿಡುತ್ತೇವೆ ಎಂಬುದೂ ಮುಖ್ಯ. ಮ್ಯಾಪಿಂಗ್ ಒಂದನ್ನು ಬೇರೆ ವಿಳಾಸಕ್ಕೆ ಸರಿಸುವ ಎಂರಿಮ್ಯಾಪ್ ಕರೆಯಲ್ಲಿ 2018ರಲ್ಲಿ ಸರಿಪಡಿಸಲಾದ ಲೋಪ ಇದಕ್ಕೆ ನನಗೆ ಅತ್ಯಂತ ಇಷ್ಟವಾದ ಉದಾಹರಣೆ. ಲಿನಕ್ಸ್ 3.2ರಿಂದ ಇದ್ದ ಆ ಕೋಡ್ ನಮೂದುಗಳನ್ನು ಹೊಸ ಜಾಗಕ್ಕೆ ಸಾಗಿಸಿ, ಪೇಜ್ ಟೇಬಲ್ ಲಾಕ್ ಬಿಟ್ಟು, ಅನಂತರ ಹಳೆಯ ವಿಳಾಸಗಳ ಟಿಎಲ್‌ಬಿಯನ್ನು ಫ್ಲಶ್ ಮಾಡುತ್ತಿತ್ತು. ಲಾಕ್ ಬಿಟ್ಟ ಆ ಸಣ್ಣ ಬಿಡುವಿನಲ್ಲಿ ಇನ್ನೊಂದು ಥ್ರೆಡ್ ಆ ಮ್ಯಾಪಿಂಗ್‌ನ ಹಿಂದಿರುವ ಕಡತವನ್ನು ಕತ್ತರಿಸಿ ಚಿಕ್ಕದಾಗಿಸಿದರೆ, ಕರ್ನಲ್ ಹೊಸ ಜಾಗದ ನಮೂದನ್ನು ಅಳಿಸಿ, ಹೊಸ ವಿಳಾಸವನ್ನೇ ಫ್ಲಶ್ ಮಾಡಿ ಪುಟವನ್ನು ಬಿಡುಗಡೆ ಮಾಡುತ್ತಿತ್ತು. ಹಳೆಯ ವಿಳಾಸದ ನಕಲು ಮಾತ್ರ ಜೀವಂತ. ಪ್ರತಿಯೊಬ್ಬರೂ ತಮ್ಮ ಪಾಲಿನ ಲಾಕನ್ನು ಹಿಡಿದೇ ಇದ್ದರು ಎಂಬುದು ಇಲ್ಲಿನ ಸ್ವಾರಸ್ಯ. ಪರಿಹಾರವೂ ಚಿಕ್ಕದು: ಲಾಕ್ ಬಿಡುವ ಮೊದಲೇ ಫ್ಲಶ್ ಮಾಡುವುದು.

ಹೊಸ ಮ್ಯಾಪಿಂಗ್ ಸೇರಿಸುವಾಗ ಈ ಗೋಜು ಬಹುಮಟ್ಟಿಗೆ ಇಲ್ಲ, ಏಕೆಂದರೆ ಇಲ್ಲದ ನಮೂದಿಗೆ ನಕಲೂ ಇರುವುದಿಲ್ಲ. ಅನುಮತಿಯನ್ನು ಕಡಿತಗೊಳಿಸುವಾಗ ಮಾತ್ರ ಅಳಿಸುವಷ್ಟೇ ಎಚ್ಚರ ಬೇಕು. ಒಂದು ಪ್ರಕ್ರಿಯೆ ತನ್ನದೇ ಪ್ರತಿಯಾದ ಮಗು ಪ್ರಕ್ರಿಯೆಯನ್ನು ಹುಟ್ಟಿಸುವ ಫೋರ್ಕ್ ವೇಳೆ, ಇಬ್ಬರೂ ಹಂಚಿಕೊಳ್ಳುವ ತಾಯಿಯ ಪುಟಗಳನ್ನು ಓದಲು ಮಾತ್ರ ಎಂದು ಬದಲಿಸಿ ಫ್ಲಶ್ ಮರೆತರೆ, ತಾಯಿಯ ಇನ್ನೊಂದು ಥ್ರೆಡ್ ಬರೆದದ್ದು ಮಗುವಿನ ಪುಟದಲ್ಲೂ ಕಾಣಿಸಿಕೊಳ್ಳುತ್ತದೆ.

ಇನ್ನೊಂದು ತೊಡಕನ್ನು ಹಲವರು ಗಮನಿಸುವುದಿಲ್ಲ: ಪೇಜ್ ಟೇಬಲ್‌ಗೆ ಪ್ರೊಸೆಸರ್ ಕೂಡ ಬರೆಯುತ್ತದೆ, ಮತ್ತು ಅದು ನಮ್ಮ ಯಾವ ಲಾಕನ್ನೂ ಕೇಳುವುದಿಲ್ಲ. ಪುಟಕ್ಕೆ ಮೊದಲ ಬಾರಿ ಬರೆದಾಗ ನಮೂದಿನಲ್ಲಿ ಡರ್ಟಿ ಬಿಟ್ (ಪುಟ ಬದಲಾಗಿದೆ ಎಂಬ ಗುರುತು) ಹೊತ್ತಿಸುವುದು ಅದರ ಕೆಲಸ. ಕರ್ನಲ್ ನಮೂದನ್ನು ಓದಿ, ಬಿಟ್ ಇಲ್ಲವೆಂದು ಕಂಡು, ಮುಂದಿನ ಸೂಚನೆಯಲ್ಲಿ ಸೊನ್ನೆ ಬರೆದರೆ, ನಡುವೆ ಹೊತ್ತಿಕೊಂಡ ಬಿಟ್ ಅಳಿಸಿಹೋಗಿ, ಬದಲಾದ ಪುಟ ಡಿಸ್ಕ್ ತಲುಪದೆ ಕಳೆದುಹೋಗಬಹುದು. ಆದ್ದರಿಂದ ಓದುವುದನ್ನೂ ಸೊನ್ನೆ ಬರೆಯುವುದನ್ನೂ ನಡುವೆ ಯಾರೂ ನುಸುಳಲಾಗದ ಒಂದೇ ಅಟಾಮಿಕ್ ವಿನಿಮಯದಲ್ಲಿ ಮಾಡುತ್ತಾರೆ: ಪ್ರೊಸೆಸರ್ ಮೊದಲು ಬಂದಿದ್ದರೆ ಕೈಗೆ ಸಿಗುವ ಹಳೆಯ ಮೌಲ್ಯದಲ್ಲಿ ಡರ್ಟಿ ಬಿಟ್ ಇರುತ್ತದೆ, ತಡವಾಗಿ ಬಂದರೆ ಅದಕ್ಕೆ ನಮೂದೇ ಕಾಣದೆ ಪೇಜ್ ಫಾಲ್ಟ್ ಆಗಿ ಹತೋಟಿ ಕರ್ನಲ್‌ಗೆ ಬರುತ್ತದೆ.