ಈರುಳ್ಳಿ ಬೇರಿನಲ್ಲಿ ಅನಾಫೇಸ್ ಹುಡುಕಿದ ದಿನ

ಮೈಟಾಸಿಸ್, ಅಂದರೆ ಒಂದು ಕೋಶ ಎರಡಾಗುವ ವಿಭಜನೆಯ ಪ್ರಯೋಗವಿದೆ ಎಂದರೆ ನಮ್ಮ ಕಾಲೇಜಿನ ಪ್ರಯೋಗಾಲಯದ ಕಿಟಕಿಯಲ್ಲಿ ನೀರಿನ ಬಾಟಲಿಗಳ ಬಾಯಿಯ ಮೇಲೆ ಈರುಳ್ಳಿಗಳು ಬಂದು ಕೂರುತ್ತವೆ. ಬಿಳಿ ಬೇರು ಎರಡು ಮೂರು ಸೆಂಟಿಮೀಟರ್ ಇಳಿದ ಮೇಲೆ ಬೆಳಿಗ್ಗೆ ತುದಿಗಳನ್ನು ಕತ್ತರಿಸಿ, ಒಂದು ಪಾಲು ಅಸಿಟಿಕ್ ಆಮ್ಲಕ್ಕೆ ಮೂರು ಪಾಲು ಆಲ್ಕೋಹಾಲ್ ಬೆರೆಸಿದ ದ್ರಾವಣಕ್ಕೆ ಹಾಕಿಡುತ್ತೇನೆ. ವಿಭಜನೆಯಲ್ಲಿ ಯಾವ ಕೋಶ ಎಲ್ಲಿಯವರೆಗೆ ಬಂದಿತ್ತೋ ಅಲ್ಲಿಗೇ ನಿಂತುಬಿಡುತ್ತದೆ.

ಈ ಸಲ ಒಬ್ಬ ಹುಡುಗಿ ಬಹಳ ಶ್ರದ್ಧೆಯಿಂದ ಸ್ಲೈಡ್ ಮಾಡಿದ್ದಳು. ವರ್ಣತಂತುಗಳಿಗೆ (ಕ್ರೋಮೋಸೋಮ್‌ಗಳಿಗೆ) ಬಣ್ಣ ಕೊಡುವ ಅಸಿಟೋಕಾರ್ಮೈನ್ ಹಾಕಿ, ಸ್ಪಿರಿಟ್ ದೀಪದ ಮೇಲೆ ಹದವಾಗಿ ಬಿಸಿ ಮಾಡಿ, ಕವರ್‌ಸ್ಲಿಪ್ಪಿನ ಮೇಲೆ ಒತ್ತುಕಾಗದವಿಟ್ಟು ಹೆಬ್ಬೆರಳಿನಿಂದ ನೇರವಾಗಿ ಒತ್ತಿದಳು. ಬೆರಳು ಚೂರು ಜಾರಿದರೂ ಕೋಶಗಳು ಉರುಳಿ ವರ್ಣತಂತುಗಳು ಕಲಸಿಹೋಗುತ್ತವೆ. ಆದರೂ ಸ್ವಲ್ಪ ಹೊತ್ತಿಗೆ, ‘ಮೇಡಂ, ಅನಾಫೇಸ್ ಸಿಗುತ್ತಲೇ ಇಲ್ಲ’ ಎಂದಳು. ವರ್ಣತಂತುಗಳು ಎರಡು ತಂಡಗಳಾಗಿ ಕೋಶದ ಎರಡು ಧ್ರುವಗಳತ್ತ, ಅಂದರೆ ಎದುರುಬದುರು ತುದಿಗಳತ್ತ, ಸರಿಯುವ ಹಂತ ಅದು.

ಸಿಗದಿರುವುದಕ್ಕೆ ಕಾರಣವಿದೆ. ಬಸ್ ನಿಲ್ದಾಣದ ಫೋಟೊ ತೆಗೆದರೆ ಕಾಯುತ್ತ ನಿಂತವರೇ ಹೆಚ್ಚು, ಬಸ್ ಹತ್ತುತ್ತಿರುವವರು ಕೆಲವರು. ಸ್ಲೈಡಿನಲ್ಲಿಯೂ ಬಹುಪಾಲು ಕೋಶಗಳು ಇನ್ನೂ ವಿಭಜನೆಗೆ ತೊಡಗದ ಇಂಟರ್‌ಫೇಸ್‌ನಲ್ಲಿರುತ್ತವೆ. ವಿಭಜನೆಗೆ ತೊಡಗಿದವುಗಳಲ್ಲಿ ಮೊದಲ ಹಂತವಾದ ಪ್ರೋಫೇಸ್ ಹೆಚ್ಚು, ಏಕೆಂದರೆ ಅದು ಹೆಚ್ಚು ಹೊತ್ತು ನಡೆಯುತ್ತದೆ. ಅನಾಫೇಸ್ ಬೇಗ ಮುಗಿಯುತ್ತದೆ, ಹಾಗಾಗಿ ಅಪರೂಪ. ‘ಎಣಿಸುತ್ತ ಹೋಗು, ಯಾವ ಹಂತ ಎಷ್ಟು ದೀರ್ಘ ಎಂಬುದು ನಿನಗೇ ತಿಳಿಯುತ್ತದೆ’ ಎಂದೆ. ಚಲನೆಯೇ ಇಲ್ಲದ ಕೋಶಗಳಿಂದ ಕಾಲವನ್ನು ಅಳೆಯಬಹುದು ಎನ್ನುವುದು ಇಷ್ಟು ವರ್ಷಗಳ ಪಾಠದ ನಂತರವೂ ನನ್ನನ್ನು ಬೆರಗುಗೊಳಿಸುತ್ತದೆ. 1882ರಲ್ಲಿ ಈ ಕ್ರಿಯೆಗೆ ಮೈಟಾಸಿಸ್ ಎಂದು ಹೆಸರಿಟ್ಟ ವಾಲ್ಟರ್ ಫ್ಲೆಮಿಂಗ್ ಸಲಮಾಂಡರ್ ಎಂಬ ಉಭಯಚರದ ಮರಿಗಳ ಕೋಶಗಳನ್ನು ಜೀವಂತವಾಗಿಯೂ ಬಣ್ಣ ಹಾಕಿಯೂ ನೋಡಿ, ಹೋಲಿಸಿ, ಹಂತಗಳ ಕ್ರಮವನ್ನು ಗೊತ್ತುಮಾಡಿದ್ದರು.

ಕೊನೆಗೂ ಅವಳಿಗೆ ಅದು ಸಿಕ್ಕಿತು. ಈರುಳ್ಳಿಯ 16 ವರ್ಣತಂತುಗಳು ಸೀಳಿ ಎರಡು ತಂಡಗಳಾಗಿದ್ದವು. ಕೆಲವು ನಡುವಿನಲ್ಲಿ ಮಡಿಚಿದಂತೆ ಬಾಗಿ, ಬಾಗಿದ ಭಾಗ ಧ್ರುವದ ಕಡೆಗೂ ತೋಳುಗಳು ಹಿಂದಕ್ಕೂ ಚಾಚಿದ್ದವು. ಅವನ್ನು ಎಳೆಯುವ ಕದಿರಿನ (ಸ್ಪಿಂಡಲ್) ಎಳೆಗಳು ಮಾತ್ರ ಈ ಬಣ್ಣಕ್ಕೆ ಕಾಣುವುದಿಲ್ಲ.

ಪಕ್ಕದಲ್ಲೇ ಇನ್ನೊಂದು ಕೋಶವಿತ್ತು. ವರ್ಣತಂತುಗಳು ಧ್ರುವ ಮುಟ್ಟಿದ್ದರೂ ಇನ್ನೂ ಬಿಡಿಬಿಡಿಯಾಗಿ ಕಾಣುತ್ತಿದ್ದವು. ‘ಇದು ಅನಾಫೇಸೋ, ಕೊನೆಯ ಹಂತವಾದ ಟೆಲೋಫೇಸೋ?’ ಎಂದು ಕೇಳಿದಳು. ಪರೀಕ್ಷೆಗೆ ನಾಲ್ಕು ಅಚ್ಚುಕಟ್ಟಾದ ಚಿತ್ರಗಳು ಸಾಕು, ಕೋಶಕ್ಕೆ ಅಂಥ ಗಡಿಗಳಿಲ್ಲ. ಕಂಡಂತೆಯೇ ಬರೆದು, ಹೆಸರಿನ ಜಾಗದಲ್ಲಿ ಎರಡನ್ನೂ ಬರೆಯಲು ಹೇಳಿದೆ.