ನಾನಿಲ್ಲದಾಗ ರಾಣಿ ಯಾಕೆ ಬೊಗಳುತ್ತಾಳೆ: ಇಲ್ಲಿಯವರೆಗೆ ಗೊತ್ತಾದದ್ದು

ಹಳೆಯ ಫೋನೊಂದನ್ನು ಬಾಗಿಲ ಕಡೆ ತಿರುಗಿಸಿಟ್ಟು, ವಿಡಿಯೊ ಆನ್ ಮಾಡಿ ಹೊರಡುವುದು ಈಗ ರೂಢಿಯಾಗಿದೆ. ನನ್ನ ನಾಯಿ ರಾಣಿಯ ಬಗ್ಗೆ ಪಕ್ಕದ ಮನೆಯವರಿಗೆ ಗೊತ್ತಿರುವುದು ‘ದಿನವಿಡೀ ಬೊಗಳುತ್ತೆ’ ಅನ್ನುವುದಷ್ಟೇ. ಯಾವಾಗ ಶುರುವಾಗುತ್ತದೆ, ನಡುವೆ ಅವಳು ಏನು ಮಾಡುತ್ತಾಳೆ ಎಂದು ತಿಳಿಯದೆ ಪರಿಹಾರಕ್ಕೆ ಕೈಹಾಕಲು ನನಗೆ ಮನಸ್ಸಿರಲಿಲ್ಲ.

ವಿಡಿಯೊದಲ್ಲಿ ಕಂಡದ್ದು ಒಂದು ಬೊಗಳಾಟವಲ್ಲ, ಎರಡು. ಬಾಗಿಲು ಮುಚ್ಚಿದ ಕೂಡಲೇ ಮೊದಲನೆಯದು: ತೆಳುವಾದ, ಏರುದನಿಯ ಒಂಟಿ ಬೊಗಳು, ಸ್ವಲ್ಪ ಬಿಡುವು, ಮತ್ತೊಂದು. ನಡುನಡುವೆ ಕುಂಯ್‌ಗುಡುತ್ತಾಳೆ, ಬಾಗಿಲಿನಿಂದ ಕಿಟಕಿಗೆ ಓಡಾಡುತ್ತಾಳೆ, ಜೊಲ್ಲು ಸುರಿಸುತ್ತಾಳೆ. ತಟ್ಟೆಯಲ್ಲಿಟ್ಟ ಇಷ್ಟದ ತಿಂಡಿಯನ್ನು ಮೂಸಿಯೂ ನೋಡುವುದಿಲ್ಲ. ಎರಡನೆಯದು ಎಷ್ಟೋ ಹೊತ್ತಿನ ಮೇಲೆ, ಮೆಟ್ಟಿಲಲ್ಲಿ ಹೆಜ್ಜೆ ಸದ್ದಾದಾಗ: ಗಡುಸಾದ, ಒಂದರ ಹಿಂದೆ ಒಂದು ನುಗ್ಗುವ ಬೊಗಳು. ಸದ್ದು ದೂರವಾದರೆ ಅದೂ ನಿಲ್ಲುತ್ತದೆ, ಅವಳು ಹೋಗಿ ಮಲಗುತ್ತಾಳೆ.

ಈ ವ್ಯತ್ಯಾಸ ನನ್ನ ಕಿವಿಯ ಭ್ರಮೆಯಲ್ಲ. ಪಶುವೈದ್ಯೆ ಸೋಫಿಯಾ ಯಿನ್ 2002ರಲ್ಲಿ ನಾಯಿಗಳ ಬೊಗಳುವಿಕೆಯನ್ನು ಧ್ವನಿ ವಿಶ್ಲೇಷಣೆ ಮಾಡಿ, ಒಂಟಿಯಾದಾಗಿನ ಬೊಗಳು ಏರುದನಿಯದೆಂದೂ ಅಪರಿಚಿತ ಸದ್ದಿಗೆ ಬೊಗಳುವುದು ತಗ್ಗಿನ, ಒರಟು ದನಿಯದೆಂದೂ ತೋರಿಸಿದ್ದರು. ಒಂಟಿತನದ ಆತಂಕವಿರುವ ನಾಯಿಗಳಲ್ಲಿ ಲಕ್ಷಣಗಳು ಸಾಮಾನ್ಯವಾಗಿ ಮನೆಯವರು ಹೊರಟ ಮೊದಲ ಅರ್ಧ ಗಂಟೆಯೊಳಗೇ ಕಾಣಿಸಿಕೊಳ್ಳುತ್ತವೆ. ರಾಣಿಯ ಮೊದಲ ಬೊಗಳು ಇದಕ್ಕೆ ಸರಿಹೊಂದುತ್ತದೆ. ಅದು ಹಟವಲ್ಲ, ಹೆದರಿಕೆ. ಬೊಗಳಿದರೆ ಶಾಕ್ ಕೊಡುವ ಕಾಲರ್ ಹಾಕಿ ಎಂದು ಸಲಹೆ ಕೊಟ್ಟವರಿದ್ದಾರೆ. ಹೆದರಿದ ಜೀವಕ್ಕೆ ನೋವನ್ನೂ ಸೇರಿಸುವುದು ನನ್ನಿಂದಾಗದು, ಅದರಿಂದ ಆತಂಕ ಹೆಚ್ಚುವುದೇ ಸರಿ.

ಎರಡನೆಯ ಬೊಗಳಿಗೆ ದಾರಿ ಸುಲಭವಾಗಿತ್ತು. ಅವಳ ಹಾಸಿಗೆಯನ್ನು ಒಳಕೋಣೆಗೆ ಸರಿಸಿ, ಕಿಟಕಿಗೆ ಪರದೆ ಎಳೆದು, ಹೊರಗಿನ ಸದ್ದು ಮರೆಯಾಗಲೆಂದು ಫ್ಯಾನ್ ಹಾಕಿಟ್ಟೆ. ಸದ್ದನ್ನೆಲ್ಲ ತಡೆಯಲಾಗದು, ಆದರೂ ಈ ಬೊಗಳು ಸಾಕಷ್ಟು ತಗ್ಗಿದೆ.

ಮೊದಲನೆಯದಕ್ಕೆ ತಾಳ್ಮೆಯೇ ಬೇಕು. ನಾನು ಬೀಗದ ಕೈ ಎತ್ತಿಕೊಂಡರೆ ಸಾಕು, ರಾಣಿ ಏದುಸಿರು ಬಿಡುತ್ತಿದ್ದಳು. ಹಾಗಾಗಿ ಬೀಗದ ಕೈ ಹಿಡಿದು ಮನೆಯಲ್ಲೇ ಓಡಾಡಿದೆ, ಚಪ್ಪಲಿ ಮೆಟ್ಟಿ ಕುರ್ಚಿಯಲ್ಲಿ ಕೂತು ಪುಸ್ತಕ ಓದಿದೆ. ಆ ಸದ್ದುಗಳಿಗೆ ಅವಳು ತಲೆ ಎತ್ತದಂತಾದ ಮೇಲೆ ಬಾಗಿಲ ಆಚೆ ನಿಂತು ಕೆಲವೇ ಸೆಕೆಂಡುಗಳಲ್ಲಿ ಒಳಬರುವುದು ಶುರುವಾಯಿತು. ನಿಯಮ ಒಂದೇ: ಅವಳು ಗಾಬರಿಯಾಗುವ ಮೊದಲೇ ವಾಪಸಾಗಬೇಕು. ಗಾಬರಿ ಕಂಡರೆ ಮುಂದಿನ ಸಲ ಇನ್ನೂ ಬೇಗ. ಈ ಅಭ್ಯಾಸ ನಡೆಯುವಷ್ಟು ಕಾಲ ಅವಳನ್ನು ನಿಜವಾಗಿಯೂ ಒಂಟಿ ಬಿಡಬಾರದು, ಇಲ್ಲದಿದ್ದರೆ ಕಲಿತದ್ದು ಕರಗಿಹೋಗುತ್ತದೆ. ನನಗೆ ಅತಿ ಕಷ್ಟವಾಗಿರುವುದು ಇದೇ. ಸದ್ಯಕ್ಕೆ ಅಕ್ಕ ಬಂದು ಜೊತೆಗಿರುತ್ತಾಳೆ.

ಈಗ ಅವಳು ಕೆಲವು ನಿಮಿಷ ಬಾಗಿಲ ಬಳಿ ಸುಮ್ಮನೆ ಮಲಗುತ್ತಾಳೆ, ತಿಂಡಿ ಮುಟ್ಟುತ್ತಾಳೆ. ತಿನ್ನುತ್ತಿದ್ದಾಳೆಂದರೆ ಗಾಬರಿ ತಗ್ಗಿದೆ ಎಂದು ನನ್ನ ಲೆಕ್ಕ. ನೋವು, ಕಿವಿ ಮಂದವಾಗುವುದು, ವಯಸ್ಸಿನ ಮರೆವು ಕೂಡ ಬೊಗಳುವಿಕೆಯನ್ನು ಹೆಚ್ಚಿಸಬಲ್ಲವು. ಅದಕ್ಕೇ ಮುಂದಿನ ಹೆಜ್ಜೆ ಪಶುವೈದ್ಯರಿಂದ ಪೂರ್ತಿ ತಪಾಸಣೆ, ವಿಡಿಯೊಗಳನ್ನೂ ಅವರಿಗೆ ತೋರಿಸುತ್ತೇನೆ. ಅಭ್ಯಾಸದ ಜೊತೆಗೆ ಔಷಧಿಯೂ ಬೇಕೆಂದು ಅವರಿಗೆ ಅನ್ನಿಸಿದರೆ ಕೊಡಲು ನಾನು ಸಿದ್ಧ.