ಐಬಸ್ ಪಕ್ಕದ ಒಂದು ಗೆರೆ

ತೀರ್ಥಹಳ್ಳಿ ಕಡೆಯ ಹಳ್ಳಿ ಶಾಲೆ. ಆಷಾಢದ ಮಳೆ, ಕರೆಂಟು ಹೋಗುತ್ತಾ ಬರುತ್ತಾ ಇತ್ತು. ನೆಟ್ಟು ಅಂದರೆ ಒಂದೇ ಮೊಬೈಲಿನ ಹಾಟ್‌ಸ್ಪಾಟು. ಡೆಬಿಯನ್ (ಲಿನಕ್ಸ್ ಬಗೆಯ ಆಪರೇಟಿಂಗ್ ಸಿಸ್ಟಮ್) ಇದ್ದ ಹತ್ತು ಕಂಪ್ಯೂಟರಿಗೆ ಕನ್ನಡ ಕೂರಿಸಬೇಕಿತ್ತು: ಫಾಂಟ್ಸ್-ಕೆಎನ್‌ಡಿಎ ಎಂಬ ಪ್ಯಾಕೇಜು ಹಾಕಿದರೆ ಗುಬ್ಬಿ, ನವಿಲು ಎರಡೂ ಫಾಂಟು ಬರುತ್ತವೆ, ಟೈಪಿಂಗಿಗೆ ಐಬಸ್-ಎಂ17ಎನ್, ಅಂದರೆ ಐಬಸ್ ಎಂಬ ಟೈಪಿಂಗ್ ವ್ಯವಸ್ಥೆಗೆ ಸೇರುವ ಪ್ಯಾಕೇಜು. ಡೇಟಾ ಉಳಿಸಲು, ಪ್ಯಾಕೇಜು ಇಳಿಸಿ ಕೂರಿಸುವ ಆಪ್ಟ್ ಕಮಾಂಡಿಗೆ ನೋ-ಇನ್‌ಸ್ಟಾಲ್-ರೆಕಮೆಂಡ್ಸ್ ಆಯ್ಕೆ ಬೇಕೇ ಬೇಕು. ಇಲ್ಲದಿದ್ದರೆ ಕೇಳದ ಪ್ಯಾಕೇಜುಗಳೂ ಹಿಂದೆಯೇ ಇಳಿಯುತ್ತವೆ.

ಮೊದಲ ಏಟಿಗೇ 'ಯುನೇಬಲ್ ಟು ಲೊಕೇಟ್ ಪ್ಯಾಕೇಜ್' ಅಂದಿತು. ಎಲ್ಲರ ಕಣ್ಣೂ ನೆಟ್ಟಿನ ಮೇಲೆ. ಪ್ಯಾಕೇಜುಗಳ ಪಟ್ಟಿ ಹೊಸದಾಗಿಸುವ ಆಪ್ಟ್ ಅಪ್‌ಡೇಟ್ ಎರಡು ಸಲ ಓಡಿಸಿ ಅರ್ಧ ಗಂಟೆ ಹೋಯಿತು. ಆದರೆ ಸಿಗಲಿಲ್ಲ ಅಂದ ಹೆಸರು ಫಾಂಟಿನದಲ್ಲ, '–ನೋ-ಇನ್‌ಸ್ಟಾಲ್-ರೆಕಮೆಂಡ್ಸ್'ದು! ದೋಷದ ಸಾಲನ್ನು ಕೊನೆಯವರೆಗೆ ಓದಿದ್ದರೆ ಅಲ್ಲೇ ಗೊತ್ತಾಗುತ್ತಿತ್ತು. ಕಮಾಂಡನ್ನು ವರ್ಡ್‌ನಲ್ಲಿ ಬರೆದಿದ್ದರು. ಅದು ಆಯ್ಕೆಯ ಮುಂದಿನ ಎರಡು ಹೈಫನ್ ಸೇರಿಸಿ ಒಂದು ಉದ್ದ ಡ್ಯಾಶ್ ಮಾಡಿತ್ತು. ಅಕ್ಷರಗಳ ಸಂಕೇತ ತೋರಿಸುವ ಹೆಕ್ಸ್‌ಡಂಪಿನಲ್ಲಿ 2ಡಿ 2ಡಿ (ಎರಡು ಹೈಫನ್) ಇರಬೇಕಾದ ಕಡೆ ಇ2 80 93 (ಡ್ಯಾಶ್). ಹೈಫನ್ನಿಂದ ಶುರುವಾದರೆ ಮಾತ್ರ ಆಪ್ಟ್‌ಗೆ ಅದು ಆಯ್ಕೆ, ಉಳಿದದ್ದೆಲ್ಲ ಪ್ಯಾಕೇಜಿನ ಹೆಸರು. ಒಂದು ಹೆಸರು ಸಿಗದಿದ್ದರೂ ಇಡೀ ಕೆಲಸ ನಿಲ್ಲುತ್ತದೆ. ಹೈಫನ್ ಸರಿಯಿದ್ದು ಅಕ್ಷರ ತಪ್ಪಿದರೆ ಸಿಗುವ ದೋಷವೇ ಬೇರೆ, 'ಕಮಾಂಡ್ ಲೈನ್ ಆಪ್ಷನ್ ಈಸ್ ನಾಟ್ ಅಂಡರ್‌ಸ್ಟುಡ್' ಅನ್ನುತ್ತದೆ. ಈ ವ್ಯತ್ಯಾಸ ಗೊತ್ತಿದ್ದರೆ ಹುಡುಕುವ ಜಾಗ ಅರ್ಧಕ್ಕರ್ಧ ಕಡಿಮೆ.

ಡ್ಯಾಶ್ ತಿದ್ದಿದ ಮೇಲೆ ಕಾದಿದ್ದು ಇನ್ನೂ ಅಪಾಯದ್ದು. ಅದೇ ಕಡತದಲ್ಲಿ ಸಾಲು 'ಐಬಸ್-' ಹತ್ತಿರ ಮುರಿದು 'ಎಂ17ಎನ್' ಕೆಳಗಿಳಿದಿತ್ತು. ಅಂಟಿಸಿ ಓಡಿಸಿದರೆ ಟರ್ಮಿನಲ್ (ಕಮಾಂಡು ಕೊಡುವ ಕಿಟಕಿ) ಮೊದಲ ಸಾಲನ್ನೇ ಪೂರ್ತಿ ಕಮಾಂಡು ಅಂತ ಓಡಿಸುತ್ತದೆ. ಆಪ್ಟ್‌ನಲ್ಲಿ ಹೆಸರಿನ ಕೊನೆಗೆ ಹೈಫನ್ ಬಂದರೆ, ಹೈಫನ್ ಸೇರಿದ ಆ ಹೆಸರಿನದೇ ಪ್ಯಾಕೇಜ್ ಇಲ್ಲದಿದ್ದಾಗ, 'ಇದನ್ನು ತೆಗೆದುಹಾಕು' ಎಂದರ್ಥ. ಇನ್‌ಸ್ಟಾಲ್ ಅಂತಲೇ ಬರೆದಿದ್ದರೂ ಅಷ್ಟೇ. ಜೊತೆಗೆ ಎಲ್ಲಕ್ಕೂ ಹೌದು ಅನ್ನುವ -ವೈ ಆಯ್ಕೆ ಇದ್ದರೆ ಕೇಳುವುದೂ ಇಲ್ಲ. ಟೈಪಿಂಗ್ ಕೊಡಲು ಹೋದವರು ಇದ್ದ ಐಬಸ್ಸನ್ನೇ ಕಿತ್ತುಹಾಕಿದಂತೆ.

ಆ ಹೊತ್ತಿಗೆ -ವೈ ತೆಗೆದು -ಎಸ್ ಹಾಕಿದ್ದರಿಂದ ಕಂಪ್ಯೂಟರುಗಳು ಉಳಿದವು. -ಎಸ್ ಏನನ್ನೂ ಮುಟ್ಟುವುದಿಲ್ಲ, ಏನು ಮಾಡಲಿದೆ ಅಂತ ತೋರಿಸುತ್ತದೆ ಅಷ್ಟೇ. ಸುಡೋ (ಅಡ್ಮಿನ್ ಅಧಿಕಾರದಲ್ಲಿ ಓಡಿಸುವುದು) ಕೂಡ ಬೇಡ. ಪರದೆಯ ಮೇಲೆ 'ರೆಮ್ವ್ ಐಬಸ್' (ಐಬಸ್ ತೆಗೆಯುವುದು) ಎಂಬ ಸಾಲು ಕಂಡಿತು, ಅದರ ಕೆಳಗೆ ಎಂ17ಎನ್ ಎಂಬ ಕಮಾಂಡೇ ಇಲ್ಲ ಎಂಬ ದೂರು.

ಇಡೀ ಸಾಲನ್ನು ಕೈಯಲ್ಲೇ ಟೈಪ್ ಮಾಡಿ ಮತ್ತೆ -ಎಸ್ ಕೊಟ್ಟೆವು. ಈ ಸಲ ಬರೀ 'ಇನ್‌ಸ್ಟ್' (ಹಾಕುವುದು) ಸಾಲುಗಳು. ಆಮೇಲೆಯೇ ಸುಡೋ.